ಅಡಿಕೆ ಕೌಂಟರಿನಿಂದ ಡೇಟಾಬೇಸಿನವರೆಗೆ: ಮೂರು ಸ್ತರಗಳ ಸಂದು ಕಟ್ಟಿದ ಬಗೆ

ಕೇರಳ-ಕರ್ನಾಟಕ ಗಡಿಯ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ಕೊಳ್ಳುವ ಸಹಕಾರ ಸಂಘಕ್ಕೆ ತಂತ್ರಾಂಶ ಕಟ್ಟಿದ ಕ್ರಮ ಇದು. ಮುಂದೆ ಕೌಂಟರಿನ ಬ್ರೌಸರ್, ನಡುವೆ ಸ್ಪ್ರಿಂಗ್ ಬೂಟ್ 3 (ಜಾವಾ ಚೌಕಟ್ಟು), ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ವೈಲ್ಡ್‌ಫ್ಲೈಯಂಥ ಪೂರ್ಣ ಜಕಾರ್ತಾ ಇಇ (ದೊಡ್ಡ ತಂತ್ರಾಂಶಗಳ ಜಾವಾ ಮಾನದಂಡ, ಹಿಂದಿನ ಹೆಸರು ಜಾವಾ ಇಇ) ಸರ್ವರಿನಲ್ಲೂ ಮಾಡಬಹುದಿತ್ತು; ಆದರೆ ಡೇಟಾಬೇಸ್ ಒಂದೇ ಇದ್ದು, ಮೆಸೇಜ್ ಕ್ಯೂ (ಸಂದೇಶಗಳ ಸರದಿ) ಬೇಡವಾದ್ದರಿಂದ ಒಂದು ಜಾರ್ ಕಡತವೇ ಸಾಕಾಯಿತು. ವೇದಿಕೆ ಯಾವುದಾದರೂ ಕೆಡುವುದು ಮಾತ್ರ ಸ್ತರಗಳು ಕೂಡುವಲ್ಲಿ.

ಹಳೆಯ ಜಾವಾ ಇಇ ಕೋಡನ್ನು ತರುವಾಗ ಒಂದು ಎಚ್ಚರ ಬೇಕು. 2020ರ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜುಗಳ ಹೆಸರು ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಯಿತು. ಹಾಗೆಂದು ಎಲ್ಲ ಕಡೆ ಒಟ್ಟಿಗೆ ಬದಲಿಸಬಾರದು: ‘ಜಾವಾಎಕ್ಸ್.ಎಸ್‌ಕ್ಯೂಎಲ್’ ಜಾವಾದ ಸ್ವಂತ ಭಾಗ, ಅದು ಹಳೆಯ ಹೆಸರಿನಲ್ಲೇ ಇರಬೇಕು.

ಒಂದು ಖರೀದಿಯಲ್ಲಿ ತೂಕದ ಚೀಟಿ, ದಾಸ್ತಾನು, ಸದಸ್ಯರ ಖಾತೆ ಈ ಮೂರೂ ಬದಲಾಗುತ್ತವೆ. ಮೂರನ್ನೂ ಸರ್ವೀಸ್ ಕ್ಲಾಸಿನ ಒಂದೇ ಮೆಥಡ್‌ನಲ್ಲಿ, ಒಂದೇ ಟ್ರಾನ್ಸಾಕ್ಷನ್‌ನೊಳಗೆ (ಎಲ್ಲವೂ ಒಟ್ಟಿಗೆ ಆಗುವ, ಇಲ್ಲವೆ ಯಾವುದೂ ಆಗದ ಕಟ್ಟು) ಬರೆದೆವು. ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡುವುದು (ಬರೆದದ್ದನ್ನು ಹಿಂತೆಗೆಯುವುದು) ರನ್‌ಟೈಮ್ ಎಕ್ಸೆಪ್ಷನ್ ಮತ್ತು ಎರರ್ ಬಂದಾಗ ಮಾತ್ರ. ಚೆಕ್ಡ್ ಎಕ್ಸೆಪ್ಷನ್ (ಕೋಡಿನಲ್ಲಿ ಮೊದಲೇ ಘೋಷಿಸಬೇಕಾದ ದೋಷ) ಬಂದರೆ ಅಲ್ಲಿಯವರೆಗೆ ಬರೆದದ್ದು ಕಮಿಟ್ ಆಗುತ್ತದೆ, ಅಂದರೆ ಖಾಯಂ ಆಗುತ್ತದೆ. ದಾಸ್ತಾನು ಏರಿ, ಖಾತೆಗೆ ಹಣ ಬೀಳದೆ ಉಳಿಯುತ್ತದೆ. ಅಂಥ ದೋಷಕ್ಕೂ ರೋಲ್‌ಬ್ಯಾಕ್ ಆಗಲೆಂದು ‘ರೋಲ್‌ಬ್ಯಾಕ್‌ಫಾರ್’ ಬರೆದೇ ಇಡಬೇಕು. ಅದೇ ಕ್ಲಾಸಿನ ಒಳಗಿನಿಂದ ಕರೆದ ಮೆಥಡ್ ಪ್ರಾಕ್ಸಿಯ (ಟ್ರಾನ್ಸಾಕ್ಷನ್ ತೆರೆಯಲು ಸ್ಪ್ರಿಂಗ್ ಕ್ಲಾಸಿನ ಹೊರಗೆ ಸುತ್ತುವ ಪದರ) ಮೂಲಕ ಹಾದುಹೋಗುವುದಿಲ್ಲ, ಹಾಗಾಗಿ ಅದರ ಮೇಲಿನ ಟ್ರಾನ್ಸಾಕ್ಷನ್ ಗುರುತು ಲೆಕ್ಕಕ್ಕೇ ಬರುವುದಿಲ್ಲ. ಹಣಕ್ಕೂ ತೂಕಕ್ಕೂ ಜಾವಾದಲ್ಲಿ ನಿಖರ ದಶಮಾಂಶದ ಬಿಗ್‌ಡೆಸಿಮಲ್, ಡೇಟಾಬೇಸಿನಲ್ಲಿ ನ್ಯೂಮರಿಕ್. ದಶಮಾಂಶವನ್ನು ಅಂದಾಜಾಗಿ ಇಡುವ ಡಬಲ್ ಬೇಡವೇ ಬೇಡ.

ಮಳೆಗಾಲದಲ್ಲಿ ಗುಡ್ಡದ ಶಾಖೆಗಳ ನೆಟ್‌ವರ್ಕ್ ನಡುವೆಯೇ ಕಡಿದುಹೋಗುತ್ತದೆ. ಚೀಟಿ ದಾಖಲಾಗಿರುತ್ತದೆ, ಉತ್ತರ ಬಂದಿರುವುದಿಲ್ಲ. ಕೌಂಟರಿನವರು ಮತ್ತೆ ಒತ್ತುತ್ತಾರೆ, ಒಂದೇ ಮೂಟೆ ಎರಡು ಸಲ ಏರುತ್ತದೆ. ಫಾರಂ ತೆರೆದಾಗಲೇ ಬ್ರೌಸರಿನಲ್ಲಿ ಒಂದು ಯುಯುಐಡಿ (ಬೇರೆಲ್ಲೂ ಬರದಂಥ ಗುರುತು ಸಂಖ್ಯೆ) ಹುಟ್ಟಿಸಿ, ಟೇಬಲಿನಲ್ಲಿ ಅದಕ್ಕೆ ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಸೇರದಂತೆ ತಡೆ) ಹಾಕಿದೆವು. ‘ಇದೆಯೇ’ ಎಂದು ಮೊದಲು ಹುಡುಕಿ ಆಮೇಲೆ ಸೇರಿಸುವುದು ಸಾಲದು. ಎರಡು ವಿನಂತಿಗಳು ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ. ಯೂನಿಕ್ ದೋಷ ಬಂದ ಮೇಲೆ ಪೋಸ್ಟ್‌ಗ್ರೆಸ್ ಆ ಟ್ರಾನ್ಸಾಕ್ಷನ್‌ನಲ್ಲಿ ಮುಂದಿನ ಯಾವ ಕ್ವೆರಿಯನ್ನೂ ಒಪ್ಪುವುದಿಲ್ಲ. ಆದ್ದರಿಂದ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ಈಗಾಗಲೇ ಇದ್ದರೆ ಸುಮ್ಮನಿರು) ಬಳಸಿ, ಸೇರಿದ ಸಾಲು ಸೊನ್ನೆಯಾದರೆ ಹಳೆಯ ಚೀಟಿಯನ್ನೇ ಹಿಂದಿರುಗಿಸುತ್ತೇವೆ.

ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚಿಕೊಡುವ ಹಿಕಾರಿ ಪೂಲ್‌ನಲ್ಲಿ ಬೇರೆ ಹೇಳದಿದ್ದರೆ ಇರುವುದು 10 ಕನೆಕ್ಷನ್. ಟ್ರಾನ್ಸಾಕ್ಷನ್‌ನೊಳಗೇ ಎಸ್‌ಎಂಎಸ್ ಗೇಟ್‌ವೇಯನ್ನು ಕರೆದರೆ ಅದು ತಡಮಾಡಿದಷ್ಟೂ ಹೊತ್ತು ಕನೆಕ್ಷನ್ ಹಿಡಿದಿಟ್ಟಂತೆಯೇ. ಹನ್ನೊಂದನೆಯವರು 30 ಸೆಕೆಂಡ್ ಕಾದು ದೋಷ ಕಾಣುತ್ತಾರೆ. ಪೂಲ್ ದೊಡ್ಡದು ಮಾಡುವುದು ಇದಕ್ಕೆ ಮದ್ದಲ್ಲ. ಸಂದೇಶವನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಬೇರೊಂದು ಟೇಬಲಿಗೆ ಬರೆದಿಟ್ಟು, ಕಳಿಸುವ ಕೆಲಸವನ್ನು ಹಿನ್ನೆಲೆಯ ಜಾಬಿಗೆ ಬಿಡಬೇಕು. ಎರಡು ಸರ್ವರ್ ಇದ್ದರೆ ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಹಾಕಿ ಸಾಲುಗಳನ್ನು ಎತ್ತಿಕೊಳ್ಳಿ. ಒಂದು ಸರ್ವರ್ ಹಿಡಿದ ಸಾಲನ್ನು ಇನ್ನೊಂದು ಮುಟ್ಟುವುದಿಲ್ಲ. ಸ್ಪ್ರಿಂಗ್ ಬೂಟ್‌ನ ‘ಓಪನ್-ಇನ್-ವ್ಯೂ’ ಮೊದಲಿನಿಂದಲೇ ಆನ್ ಇರುತ್ತದೆ; ಅದೂ ಉತ್ತರ ಹೋಗುವವರೆಗೆ ಕನೆಕ್ಷನ್ ಹಿಡಿದಿಡಬಹುದು, ಅದನ್ನೂ ಆಫ್ ಮಾಡಿ.

ಗಡಿಯ ಊರಿನಲ್ಲಿ ಹೆಚ್ಚು ಸಮಯ ಬೇಡುವುದು ಹೆಸರುಗಳು. ಸದಸ್ಯರ ಹೆಸರು ಕನ್ನಡದಲ್ಲೂ ಬೇಕು, ಮಲಯಾಳದಲ್ಲೂ ಬೇಕು. ತಮ್ಮ ಲಿಪಿಯಲ್ಲಿ ಚೀಟಿ ಪಡೆಯುವುದು ಸದಸ್ಯರ ಹಕ್ಕು. ‘ಪ್ರೇಮ್‌ನಾಥ್’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ ಕೂರುತ್ತದೆ, ಅದಿಲ್ಲದೆ ಹುಡುಕಿದರೆ ಹೆಸರು ಸಿಗದು. ಮಲಯಾಳದ ಆರು ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನ ರೂಪಗಳು) 2008ರ ಯೂನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಬಂತು. ಹಳೆಯ ದಾಖಲೆಗಳಲ್ಲಿ ಅವು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಜೋಡಣಾ ಚಿಹ್ನೆಗಳ ಸರಣಿಯಾಗಿವೆ. ಎನ್‌ಎಫ್‌ಸಿ ಕ್ರಮ (ಒಂದೇ ಅಕ್ಷರದ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ಯೂನಿಕೋಡ್ ವಿಧಾನ) ಇವೆರಡನ್ನೂ ಒಂದುಮಾಡುವುದಿಲ್ಲ.

ಹಾಗಾಗಿ ಮೂಲ ಹೆಸರನ್ನು ಮುಟ್ಟದೆ, ಹುಡುಕಾಟಕ್ಕೆಂದು ಬೇರೆ ಕಾಲಂ ಇಟ್ಟಿದ್ದೇವೆ. ಮೊದಲು ಎನ್‌ಎಫ್‌ಸಿ, ಆಮೇಲೆ ಹಳೆಯ ಚಿಲ್ಲನ್ನು ಹೊಸದಕ್ಕೆ ಬದಲಿಸುವುದು, ಕೊನೆಗೆ ಕಾಣದ ಚಿಹ್ನೆಗಳನ್ನು ತೆಗೆಯುವುದು. ಈ ಕ್ರಮ ತಪ್ಪಿ ಚಿಹ್ನೆ ಮೊದಲೇ ಹೋದರೆ ಹಳೆಯ ಚಿಲ್ಲನ್ನು ಗುರುತಿಸಲು ಏನೂ ಉಳಿಯುವುದಿಲ್ಲ. ಹುಡುಕುವವರು ಟೈಪಿಸಿದ ಪದಕ್ಕೂ ನಡುಸ್ತರದಲ್ಲಿ ಇದೇ ಫಂಕ್ಷನ್ ಓಡಬೇಕು, ಮತ್ತು ನಿಯಮ ತಿದ್ದಿದಾಗಲೆಲ್ಲ ಆ ಕಾಲಂ ಅನ್ನು ಪೂರ್ತಿ ಮತ್ತೆ ತುಂಬಬೇಕು.