ಜಿಪ್ ಏರದ ಗೌನ್‌ಗೆ ಬೆನ್ನಲ್ಲಿ ಡೋರಿ

ಅಕ್ಕನ ಮಗಳ ರಿಸೆಪ್ಷನ್‌ಗೆ ಎಂಟೇ ದಿನ ಉಳಿದಿತ್ತು. ಆನ್‌ಲೈನ್‌ನಲ್ಲಿ ತರಿಸಿದ ವೈನ್ ಬಣ್ಣದ ಸ್ಯಾಟಿನ್ ಗೌನ್ ಹಾಕಿಕೊಂಡು ಬಂದು ನನಗೆ ಬೆನ್ನು ತೋರಿಸಿ ನಿಂತಳು. ಜಿಪ್ ಸೊಂಟದವರೆಗೆ ಬಂತು, ಅಲ್ಲಿಂದ ಮೇಲೆ ಏರಲೇ ಇಲ್ಲ. ಟೇಪ್ ಹಿಡಿದರೆ ಎದೆ ಸುತ್ತಳತೆಯಲ್ಲಿ ಎರಡೂವರೆ ಇಂಚು ಕಡಿಮೆ. ಪಕ್ಕದ ಹೊಲಿಗೆ ಬಿಚ್ಚೋಣ ಅಂದರೆ ಒಳಗೆ ಮಾರ್ಜಿನ್ (ಹೊಲಿಗೆಯಾಚೆ ಬಿಟ್ಟ ಬಟ್ಟೆ) ಇಲ್ಲ. "ಚಿಕ್ಕಮ್ಮ, ಎಂಟು ದಿನ ಊಟ ಬಿಡ್ತೀನಿ" ಅಂದಳು. ಊಟ ಬಿಡೋದು ಬೇಡ, ಜಿಪ್ ಬಿಡೋಣ ಅಂದೆ.

ಜಿಪ್ ತೆಗೆದು, ಎರಡೂ ಅಂಚಿಗೆ ಲೂಪ್ (ಬಟ್ಟೆಯ ಪುಟ್ಟ ಕುಣಿಕೆ) ಕೂರಿಸಿ, ಅವುಗಳಲ್ಲಿ ಡೋರಿ, ಅಂದರೆ ದಾರ, ಪೋಣಿಸಿ ಎಳೆದು ಕಟ್ಟುವ ಕಾರ್ಸೆಟ್ ಬೆನ್ನು ಈಗ ಗೌನ್, ಲೆಹಂಗಾ ಬ್ಲೌಸ್ ಎಲ್ಲದರಲ್ಲೂ ಕಾಣುತ್ತದೆ. ಹೆಸರು ಯುರೋಪಿನದು. ಆದರೆ ಬೆನ್ನು ತೆರೆದಿಟ್ಟು ದಾರದಲ್ಲಿ ಕಟ್ಟುವುದು ನಮಗೇನೂ ಹೊಸದಲ್ಲ. ಲಂಬಾಣಿ ಹೆಂಗಸರ ಕಾಂಚಳಿ (ರವಿಕೆ) ನೋಡಿ, ಅದು ನಿಲ್ಲುವುದೇ ಬೆನ್ನಿನ ದಾರದ ಮೇಲೆ. ಇದರಲ್ಲಿರುವ ದೊಡ್ಡ ಅನುಕೂಲ ಅಂದರೆ, ಬಟ್ಟೆಯನ್ನು ದೊಡ್ಡದು ಮಾಡದೆಯೇ ಎರಡು ಮೂರು ಇಂಚು ಜಾಗ ಸಿಗುತ್ತದೆ. ಮನೆಯಲ್ಲಿ ಹೊಲಿಗೆ ಮಷಿನ್ ಇದ್ದು, ಬ್ಲೌಸ್ ಹೊಲಿದು ಅಭ್ಯಾಸ ಇರುವವರು ಎರಡು ದಿನದಲ್ಲಿ ಮಾಡಬಹುದು.

ಮೊದಲು ಅಳತೆ

ಗೌನ್ ಹಾಕಿಸಿ, ಜಿಪ್ ಪೂರ್ತಿ ಬಿಚ್ಚಿ, ಬಟ್ಟೆ ಮೈಮೇಲೆ ತಾನಾಗೇ ಕೂರಲು ಬಿಡಿ. ಎಳೆದು ಹಿಡಿಯಬೇಡಿ. ಈಗ ಎರಡು ಅಂಚಿನ ನಡುವಿನ ಅಂತರವನ್ನು ಮೂರು ಕಡೆ ಅಳೆಯಿರಿ: ಕುತ್ತಿಗೆಯ ಅಂಚಿನಲ್ಲಿ, ಎದೆಯ ಮಟ್ಟದಲ್ಲಿ, ಸೊಂಟದಲ್ಲಿ. ಆಮೇಲೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಇನ್ನೊಮ್ಮೆ ಅಳೆಯಿರಿ. ಕೂತಾಗ ಅಳತೆ ಜಾಸ್ತಿಯಾಗುತ್ತದೆ. ರಿಸೆಪ್ಷನ್ ದಿನ ಊಟಕ್ಕೂ ಕೂರಬೇಕು ಅಲ್ವಾ?

ಅಂತರ ಎರಡರಿಂದ ಮೂರು ಇಂಚು ಇದ್ದರೆ ಬಹಳ ಚೆನ್ನಾಗಿ ಬರುತ್ತದೆ. ನಾಲ್ಕು ಇಂಚಿನವರೆಗೂ ನಡೆಯುತ್ತದೆ. ಐದು ದಾಟಿದರೆ ಡೋರಿಯಿಂದ ಸರಿಮಾಡಲು ಹೋಗಬೇಡಿ. ಪಕ್ಕದ ಹೊಲಿಗೆಗಳು ಬೆನ್ನಿನ ಕಡೆ ಸರಿದು, ಮುಂದೆ ಎದೆಯ ಟಕ್ಸ್ (ಆಕಾರಕ್ಕೆ ಹೊಲಿದ ಮಡಿಕೆಗಳು) ಎಲ್ಲೋ ಹೋಗಿ ನಿಲ್ಲುತ್ತವೆ. ಅಂಥ ಗೌನ್‌ಗೆ ಪಕ್ಕದಲ್ಲಿ ಪಟ್ಟಿ ಕೊಡುವುದೇ ಸರಿ. ಜಿಪ್ ಸಲೀಸಾಗಿ ಏರುವ ಗೌನ್‌ಗೆ ಅಂದಕ್ಕಾಗಿ ಡೋರಿ ಬೇಕು ಅನ್ನುವವರೂ ಇದ್ದಾರೆ. ಆಗ ಎರಡೂ ಬದಿಯಲ್ಲಿ ಒಂದೊಂದು ಇಂಚು ಒಳಗೆ ಸರಿಯಬೇಕು. ಇಲ್ಲದಿದ್ದರೆ ಅಂಚುಗಳು ಒಂದಕ್ಕೊಂದು ತಾಗಿ ಡೋರಿ ಸಡಿಲವಾಗಿ ಜೋತು ಬೀಳುತ್ತದೆ.

ಸಾಮಾನು

ಗೌನ್‌ನದೇ ಬಣ್ಣದ ಸ್ಯಾಟಿನ್ ಅರ್ಧ ಮೀಟರ್, ಅಷ್ಟೇ ಲೈನಿಂಗ್, ಇಸ್ತ್ರಿ ಹಾಕಿದರೆ ಅಂಟುವ ಕ್ಯಾನ್ವಾಸ್, ಪ್ಲಾಸ್ಟಿಕ್ ಬೋನಿಂಗ್ (ಅಂಚನ್ನು ನೆಟ್ಟಗೆ ನಿಲ್ಲಿಸುವ ಪಟ್ಟಿ) ಒಂದೂವರೆ ಮೀಟರ್, ಸ್ಯಾಟಿನ್ ಡೋರಿ ಐದು ಮೀಟರ್. ಬೆಂಗಳೂರಿನವರಿಗೆ ಮಾಮೂಲ್‌ಪೇಟೆಯಲ್ಲಿ ಇವೆಲ್ಲ ಸಿಗುತ್ತವೆ. ಉಳಿದ ಊರುಗಳಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಗೌನ್ ಜೊತೆಗೇ ಒಯ್ಯಿರಿ, ಅಂಗಡಿಯ ಹೊರಗೆ ಬಿಸಿಲಲ್ಲಿ ಬಣ್ಣ ಹೊಂದಿಸಿ. ಪೂರ್ತಿ ಹೊಂದುವ ಬಣ್ಣ ಸಿಗದಿದ್ದರೆ, ಹತ್ತಿರ ಹತ್ತಿರದ್ದು ಮಾತ್ರ ತರಬೇಡಿ. ಅದು ತಪ್ಪಿ ಬಂದ ಹಾಗೆ ಕಾಣುತ್ತದೆ. ಗೌನ್ ಮೇಲಿನ ಕೆಲಸಕ್ಕೆ ಹೊಂದುವ ಬಂಗಾರದ ಬಣ್ಣವನ್ನೋ ಬೆಳ್ಳಿ ಬಣ್ಣವನ್ನೋ ಧೈರ್ಯವಾಗಿ ಹಾಕಿ.

ಡೋರಿ ಐದು ಮೀಟರ್ ಯಾಕೆ ಅಂತ ಅನ್ನಿಸಬಹುದು. ಕಟ್ಟಿದ ಮೇಲೆ ಮೂರು ಮೀಟರ್ ಸಾಕಾಗುತ್ತದೆ, ನಿಜ. ಆದರೆ ಗೌನ್ ತೊಡುವಾಗ ಬೆನ್ನು ಆರು ಇಂಚಾದರೂ ತೆರೆದುಕೊಳ್ಳಬೇಕು. ಡೋರಿ ಗಿಡ್ಡವಾದರೆ ಪ್ರತಿ ಸಲ ಪೂರ್ತಿ ಬಿಚ್ಚಿ, ಮೈಮೇಲೆ ಹಾಕಿಕೊಂಡು, ಮೊದಲಿಂದ ಪೋಣಿಸಬೇಕಾಗುತ್ತದೆ.

ಜಿಪ್ ಬಿಚ್ಚುವುದು

ಹೊಲಿಗೆ ಬಿಚ್ಚುವ ರಿಪ್ಪರ್‌ನಿಂದ ನಿಧಾನವಾಗಿ ಬಿಚ್ಚಿ. ಸ್ಯಾಟಿನ್‌ನಲ್ಲಿ ಹಳೇ ಸೂಜಿಯ ತೂತು ಹಾಗೇ ಉಳಿಯುತ್ತದೆ, ಹಾಗಾಗಿ ಹಳೇ ಹೊಲಿಗೆಯ ಗೆರೆಯೇ ಹೊಸ ಅಂಚಿನ ಗೆರೆಯಾಗಲಿ. ಅಂಚಿನ ಹತ್ತಿರ ಮಣಿ, ಕಲ್ಲು ಇದ್ದರೆ ಮಷಿನ್‌ಗೆ ಕೊಡುವ ಮೊದಲೇ ತೆಗೆದಿಡಿ. ಜಿಪ್ ಇದ್ದ ಬೆನ್ನಿನ ಸೀಳು ಸೊಂಟದಿಂದ ಒಂದೆರಡು ಇಂಚು ಕೆಳಗೆ ನಿಂತರೆ ಸಾಕು. ಅದಕ್ಕಿಂತ ಕೆಳಗಿನ ಭಾಗವನ್ನು ಹೊಲಿದು ಮುಚ್ಚುವ ಮೊದಲು, ಗೌನ್ ತಲೆಯ ಮೇಲಿಂದ ಸಲೀಸಾಗಿ ಇಳಿಯುತ್ತದೆಯೇ ಎಂದು ಒಮ್ಮೆ ಹಾಕಿಸಿ ನೋಡಿ. ಸೀಳಿನ ಕೊನೆಯಲ್ಲಿ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ.

ಲೂಪ್

ಲೂಪ್ ಬದಲು ಲೋಹದ ಕಣ್ಣು (ಡೋರಿ ತೂರುವ ಉಂಗುರ) ಹೊಡೆಸಬಹುದಲ್ಲ ಎಂದು ಕೇಳುತ್ತಾರೆ. ದಪ್ಪ ಬಟ್ಟೆಗೆ ಸರಿ. ತೆಳು ಸ್ಯಾಟಿನ್, ಜಾರ್ಜೆಟ್‌ಗೆ ತೂತು ಹೊಡೆದರೆ ಎಳೆದಾಗ ಅಲ್ಲಿಂದಲೇ ಹರಿಯುತ್ತದೆ. ನನ್ನ ಓಟು ಬಟ್ಟೆಯ ಲೂಪ್‌ಗೇ.

ಸ್ಯಾಟಿನ್ ಅನ್ನು 45 ಡಿಗ್ರಿ ಕ್ರಾಸ್‌ನಲ್ಲಿ, ಒಂದೂಕಾಲು ಇಂಚು ಅಗಲದ ಪಟ್ಟಿಯಾಗಿ ಕತ್ತರಿಸಿ. ಕ್ರಾಸ್ ಆಗಿರಲೇಬೇಕು. ನೇರ ಕತ್ತರಿಸಿದ ಪಟ್ಟಿ ಬಾಗುವಲ್ಲಿ ಸುಕ್ಕಾಗುತ್ತದೆ. ಸೀದಾ ಬದಿ, ಅಂದರೆ ಹೊಳೆಯುವ ಬದಿ, ಒಳಗೆ ಬರುವಂತೆ ಉದ್ದಕ್ಕೆ ಮಡಚಿ, ಮಡಿಕೆಯಿಂದ ಕಾಲು ಇಂಚು ಬಿಟ್ಟು ಸಣ್ಣ ಹೊಲಿಗೆಯಲ್ಲಿ ಹೊಲಿಯಿರಿ. ಹೊಲಿಯುವಾಗ ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿದಿರಿ, ತಿರುಗಿಸುವಾಗ ದಾರ ಕಿತ್ತುಹೋಗುವುದಿಲ್ಲ. ಈಗ ದಪ್ಪ ಸೂಜಿಗೆ ಜೋಡು ದಾರ ಪೋಣಿಸಿ, ಪಟ್ಟಿಯ ತುದಿಗೆ ಗಂಟು ಹಾಕಿ, ಸೂಜಿಯ ಹಿಂಭಾಗ ಮುಂದಾಗುವಂತೆ ಕೊಳವೆಯೊಳಗೆ ತೂರಿಸಿ. ಇನ್ನೊಂದು ತುದಿಯಲ್ಲಿ ಸೂಜಿ ಹಿಡಿದು ಮೆಲ್ಲಗೆ ಎಳೆದರೆ ಬಟ್ಟೆ ಒಳಗೊಳಗೇ ಮಗುಚಿ, ಹೊಳೆಯುವ ಬದಿ ಹೊರಗೆ ಬರುತ್ತದೆ. ಮೊದಲ ಒಂದು ಇಂಚು ಕಷ್ಟ. ಅಲ್ಲಿ ಉಗುರಿನಿಂದ ಬಟ್ಟೆಯನ್ನು ಒಳಕ್ಕೆ ತಳ್ಳಿಕೊಡಬೇಕು. ಅದು ದಾಟಿದರೆ ಉಳಿದದ್ದು ಸರಾಗ.

ಇದನ್ನು ಎರಡೆರಡು ಇಂಚಿನ ತುಂಡು ಮಾಡಿ. ಹನ್ನೆರಡು ಇಂಚಿನ ಸೀಳಿಗೆ ಇಂಚಿಗೊಂದರಂತೆ ಒಂದು ಬದಿಗೆ 12, ಒಟ್ಟು 24 ತುಂಡು. ಎರಡು ಜಾಸ್ತಿ ಇಟ್ಟುಕೊಳ್ಳಿ.

ಸಮ ಅಂತರದಲ್ಲಿ ಕೂರಿಸುವುದಕ್ಕೆ ನನ್ನದೊಂದು ದಾರಿ ಇದೆ. ಮಕ್ಕಳ ನೋಟ್‌ಬುಕ್‌ನಿಂದ ಹಾಳೆಯ ಪಟ್ಟಿ ಕತ್ತರಿಸಿ, ಇಂಚಿಗೊಂದು ಗೆರೆ ಹಾಕಿ. ಪ್ರತಿ ಗೆರೆಯ ಮೇಲೆ ಒಂದು ಲೂಪ್ ಮಡಚಿಟ್ಟು ದೊಡ್ಡ ಹೊಲಿಗೆಯಲ್ಲಿ ಹಾಳೆಗೇ ಹೊಲಿದುಬಿಡಿ. ಎರಡು ಬದಿಗೆ ಎರಡು ಹಾಳೆ. ಪಕ್ಕಪಕ್ಕ ಇಟ್ಟು ನೋಡಿ, ಲೂಪ್‌ಗಳು ಎದುರುಬದುರು ಬಂದಿರಬೇಕು. ಬರೀ ಕಾಲು ಇಂಚು ಮೇಲೆ ಕೆಳಗೆ ಆದರೂ ಡೋರಿ ಕಟ್ಟಿದಾಗ ಇಡೀ ಬೆನ್ನು ವಾರೆಯಾಗಿ ಕಾಣುತ್ತದೆ.

ಅಂಚು ಗಟ್ಟಿ ಮಾಡುವುದು

ಇಲ್ಲಿ ಅವಸರ ಮಾಡಬೇಡಿ. ನಾನು ಮೊದಲ ಸಲ ಹೊಲಿದ ಡೋರಿ ಬೆನ್ನಿಗೆ ಕ್ಯಾನ್ವಾಸ್ ಹಾಕಿರಲಿಲ್ಲ. ಲೂಪ್ ಗಟ್ಟಿ ಇತ್ತು, ಡೋರಿ ಗಟ್ಟಿ ಇತ್ತು. ಆದರೆ ಸಮಾರಂಭದ ನಡುವೆ ಸೊಂಟದ ಹತ್ತಿರದ ಎರಡು ಲೂಪ್ ಬಟ್ಟೆಯ ಎಳೆಗಳನ್ನೂ ಕಿತ್ತುಕೊಂಡು ಬಂದವು. ಪಾಪ ಆ ಹುಡುಗಿ ಉಳಿದ ಹೊತ್ತೆಲ್ಲ ಶಾಲು ಹೊದ್ದು ಕೂತಳು. ಅದು ಇವತ್ತಿಗೂ ಮನಸ್ಸಿನಲ್ಲಿದೆ. ಮೈಯ ಎಳೆತವೆಲ್ಲ ಬಂದು ಬೀಳುವುದು ಅಂಚಿನ ಮೇಲೆ.

ಎರಡೂ ಅಂಚಿನ ಉಲ್ಟಾ ಬದಿಗೆ ಒಂದೂವರೆ ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ ಅಂಟಿಸಿ. ಇಸ್ತ್ರಿ ಹದವಾಗಿ ಬಿಸಿ ಇರಲಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಈಗ ಗೌನ್‌ನ ಸೀದಾ ಬದಿಯ ಮೇಲೆ ಲೂಪ್ ಹಾಳೆ ಇಡಿ. ಲೂಪ್‌ನ ಕತ್ತರಿಸಿದ ತುದಿಗಳು ಅಂಚಿನ ಕಡೆಗೆ, ಬಾಗಿದ ಭಾಗ ಗೌನ್‌ನ ಒಳಗಿನ ಕಡೆಗೆ. ಮೊದಲ ಸಲ ಮಾಡುವವರು ಇದನ್ನು ತಿರುಗುಮುರುಗು ಇಡುವುದೇ ಜಾಸ್ತಿ. ಗುಂಡುಸೂಜಿ ಮಾರ್ಜಿನ್ ಒಳಗೇ ಚುಚ್ಚಿ. ಹಳೇ ಜಿಪ್ ಗೆರೆಯ ಮೇಲೆ ಒಂದು ಹೊಲಿಗೆ, ಅದರ ಪಕ್ಕದಲ್ಲೇ ಮಾರ್ಜಿನ್ ಕಡೆ ಇನ್ನೊಂದು. ನಂತರ ಹಾಳೆ ಹರಿದು ತೆಗೆಯಿರಿ. ಮೇಲೆ ಲೈನಿಂಗ್ ಮುಚ್ಚಿ ಮೊದಲ ಗೆರೆಯ ಮೇಲೆಯೇ ಮೂರನೇ ಹೊಲಿಗೆ ಹಾಕಿ. ಲೈನಿಂಗ್ ಒಳಕ್ಕೆ ಮಗುಚಿದರೆ ಲೂಪ್‌ಗಳು ಅಂಚಿನಿಂದ ಸಾಲಾಗಿ ಹೊರಗೆ ಬಂದು ನಿಲ್ಲುತ್ತವೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಕ್ಷಣ ಇದೇ.

ಒಳಗೆ ಅಂಚಿನ ಪಕ್ಕದಲ್ಲೇ, ಲೈನಿಂಗ್ ಮತ್ತು ಮಾರ್ಜಿನ್ ಸೇರಿಸಿ ಬೋನಿಂಗ್ ತೂರುವಷ್ಟು ಅಗಲದ ಕಾಲುವೆ ಹೊಲಿಯಿರಿ. ಬೋನಿಂಗ್ ಸೀಳಿಗಿಂತ ಅರ್ಧ ಇಂಚು ಗಿಡ್ಡ ಇರಲಿ. ತುದಿಗಳನ್ನು ಗುಂಡಗೆ ಕತ್ತರಿಸಿ ಬಟ್ಟೆಯ ತುಂಡು ಸುತ್ತಿ, ಇಲ್ಲದಿದ್ದರೆ ಮೈಗೆ ಚುಚ್ಚುತ್ತದೆ. ಬೋನಿಂಗ್ ಇಲ್ಲದ ಅಂಚು ಡೋರಿ ಬಿಗಿದ ಕೂಡಲೇ ಲೂಪ್ ಲೂಪ್‌ಗೂ ಸುಕ್ಕಾಗುತ್ತದೆ.

ಒಳಪಟ್ಟಿ, ಆಮೇಲೆ ಡೋರಿ

ಬೆನ್ನು ಕಾಣುವುದು ಬೇಡ ಅನ್ನುವವರಿಗೆ ಒಳಪಟ್ಟಿ ಬೇಕು. ಮೇಲೆ ಎಂಟು ಇಂಚು, ಕೆಳಗೆ ಆರು ಇಂಚು ಅಗಲ. ಉದ್ದ ಸೀಳಿಗಿಂತ ಎರಡು ಇಂಚು ಜಾಸ್ತಿ. ಸ್ಯಾಟಿನ್, ಲೈನಿಂಗ್ ಎರಡು ಪದರದಲ್ಲಿ ಹೊಲಿದು, ನಡುವೆ ಒಂದು ಬೋನಿಂಗ್ ಹಾಕಿ. ಎಡಬದಿಗೆ ಮಾತ್ರ ಲೈನಿಂಗ್‌ಗೆ ಸೇರಿಸಿ ಹೊಲಿಯಿರಿ, ಬಲಬದಿ ಮೇಲ್ತುದಿಗೆ ಒಂದು ಪ್ರೆಸ್ ಬಟನ್. ಎರಡೂ ಬದಿ ಹೊಲಿದರೆ ಗೌನ್ ತೊಡಲು ಆಗುವುದಿಲ್ಲ.

ಡೋರಿಯ ಮಧ್ಯಭಾಗ ಮೇಲಿನ ಎರಡು ಲೂಪ್‌ನಲ್ಲಿ ಬರಲಿ. ಅಲ್ಲಿಂದ ಎರಡು ತುದಿಗಳನ್ನೂ ಕತ್ತರಿಯಾಕಾರದಲ್ಲಿ ಅಡ್ಡ ದಾಟಿಸಿ ಪೋಣಿಸುತ್ತಾ ಕೆಳಗೆ ಇಳಿಯಿರಿ, ಪ್ರತಿ ಲೂಪ್‌ಗೂ ಒಳಗಿನಿಂದ ಹೊರಕ್ಕೆ. ತೊಡಿಸಿದ ಮೇಲೆ ಒಂದೇ ಸಲ ತುದಿ ಹಿಡಿದು ಎಳೆಯಬೇಡಿ. ಮೇಲಿಂದ ಒಂದೊಂದೇ ಅಡ್ಡವನ್ನು ಬೆರಳಲ್ಲಿ ಎತ್ತಿ ಬಿಗಿ ಮಾಡುತ್ತಾ ಬನ್ನಿ, ಸೊಂಟದಲ್ಲಿ ತುಸು ಜಾಸ್ತಿ. ಜೋರಾಗಿ ಉಸಿರು ಎಳೆದುಕೊಳ್ಳಲು ಹೇಳಿ. ಎದೆ ಹಿಡಿದಂತಾದರೆ ಸಡಿಲ ಮಾಡಿ. ಕೊನೆಗೆ ಬೋ ಕಟ್ಟಿ ಮಿಕ್ಕದ್ದನ್ನು ಇಳಿಬಿಡಿ. ತುದಿಗಳಿಗೆ ಸೀರೆ ಸೆರಗಿಗೆ ಹಾಕುವಂಥ ಕುಚ್ಚು ಹಾಕಿದರೆ ಎಳೆಯೂ ಬಿಚ್ಚುವುದಿಲ್ಲ, ನಮ್ಮದೂ ಅನ್ನಿಸುತ್ತದೆ.

ಅಕ್ಕನ ಮಗಳಿಗೆ ಸಮಾರಂಭದ ಹಿಂದಿನ ದಿನ ಅರ್ಧ ಗಂಟೆ ಗೌನ್ ಹಾಕಿಸಿ ಕೂರಿಸಿದೆ, ಓಡಾಡಿಸಿದೆ, ಕೈ ಎತ್ತಿಸಿದೆ. ಸ್ಯಾಟಿನ್ ಡೋರಿ ಜಾರುತ್ತದೆ, ಹಾಗಾಗಿ ಬೋ ಮೇಲೆ ಇನ್ನೊಂದು ಗಂಟು ಬೇಕು ಅಂತ ಗೊತ್ತಾಗಿದ್ದು ಆಗಲೇ. ಮರುದಿನ ಊಟಕ್ಕೆ ಕೂರುವ ಮೊದಲು ಅವಳ ಅಮ್ಮ ಹಿಂದಿನಿಂದ ಒಂದಿಂಚು ಸಡಿಲ ಮಾಡಿಕೊಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ಡೋರಿ ಪೂರ್ತಿ ಸಡಿಲಿಸಿ, ಬೆವರು ಆರಿದ ನಂತರ ಗೌನ್ ಮಡಚಿಡಿ. ಬಿಚ್ಚಿದ ಜಿಪ್ ಬಿಸಾಡಬೇಡಿ, ಒಂದು ಕವರ್‌ನಲ್ಲಿ ಹಾಕಿ ಗೌನ್ ಜೊತೆಗೇ ಇಡಿ. ತಂಗಿಗೋ ಗೆಳತಿಗೋ ಕೊಡುವಾಗ ಬೇಕಾಗಬಹುದು.