ಹತ್ತನೇ ಕ್ಲಾಸಿನ ಮಕ್ಕಳ ಗುಣವನ್ನೂ ಗಮನಿಸಿ

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿರುವವರಿಗೆ ಒಂದು ಸಲಹೆ. ವರ್ಷವೆಲ್ಲ ನಾವು ಕೇಳುವುದು 625ಕ್ಕೆ ಎಷ್ಟು ಬರಬಹುದು ಅಂತ ಮಾತ್ರ, ಅಲ್ವಾ?

ಕಳೆದ ತಿಂಗಳು ನನ್ನ ಮಗ ಟ್ಯೂಷನ್‌ನಿಂದ ತಡವಾಗಿ ಬಂದ. ಬೈಯಬೇಕು ಅಂತಿದ್ದೆ. ಆಮೇಲೆ ಗೊತ್ತಾಯಿತು, ಜ್ವರ ಬಂದು ಮಲಗಿದ್ದ ಗೆಳೆಯನಿಗೆ ಗಣಿತದ ನೋಟ್ಸ್ ಕೊಡಲು ವಿದ್ಯಾನಗರದಿಂದ ಹಳೇ ದಾವಣಗೆರೆಯವರೆಗೆ ಸೈಕಲ್ ತುಳಿದಿದ್ದ, ಅದೂ ಮರುದಿನ ತನಗೇ ಟೆಸ್ಟ್ ಇದ್ದಾಗ.

ಇಂಥದ್ದು ಕಂಡಾಗ 'ಜಾಣ, ಒಳ್ಳೇ ಹುಡುಗ' ಅಂತ ಸುಮ್ನೆ ಹೊಗಳಬೇಡಿ. ಈ ವಯಸ್ಸಿನವರಿಗೆ ಅದು ತಟ್ಟುವುದಿಲ್ಲ. ಕಂಡದ್ದನ್ನೇ ಹೇಳಿ: 'ಟೆಸ್ಟ್ ಇದ್ದರೂ ಗೆಳೆಯನನ್ನು ಮರೆಯಲಿಲ್ಲ ನೋಡು, ನನಗೆ ಬಹಳ ಖುಷಿಯಾಯಿತು.' ಅಷ್ಟೇ ಸಾಕು. ಹಿಂದೆಯೇ 'ಓದಿನಲ್ಲೂ ಹೀಗೇ ಇರು' ಅಂತ ಸೇರಿಸಿದರೆ ಹೇಳಿದ್ದೆಲ್ಲ ಕೆಟ್ಟುಹೋಗುತ್ತದೆ. ನೆಂಟರ ಮುಂದೆ ಬೇಡ, ನಾಚಿಕೊಳ್ಳುತ್ತಾರೆ. ಭಾನುವಾರ ಬೆಣ್ಣೆದೋಸೆ ತಿನ್ನಲು ಕರೆದುಕೊಂಡು ಹೋಗಿ, ಇಬ್ಬರೇ ಕೂತಿರುವಾಗ ಹೇಳಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬರಲಿ ಅಂತ ಕಾಯಬೇಡಿ, ಅಂಕಕ್ಕೂ ಈ ಮಾತಿಗೂ ಸಂಬಂಧವೇ ಇಲ್ಲ ಅಂತ ಮಗುವಿಗೆ ಗೊತ್ತಾಗಬೇಕು.

ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿ ಬರೆದು ಪುಸ್ತಕದೊಳಗೆ ಇಡಿ. ನಾನು ಇಟ್ಟದ್ದು ಅವನ ಕಂಪಾಸ್ ಬಾಕ್ಸಿನಲ್ಲಿ ಈಗಲೂ ಇದೆ.