ಚಳಿಗಾಲದ ಸೋಮಾರಿ ಸಂಜೆಗೆ ಅಡುಗೆಮನೆ ತುಂಬಿಸಿಡುವುದು ಹೇಗೆ?

ಚಳಿಗಾಲದಲ್ಲಿ ಬಿಸಿಬಿಸಿಯಾಗಿ ಏನಾದರೂ ತಿನ್ನಬೇಕು ಅನಿಸುತ್ತಲೇ ಇರುತ್ತದೆ, ಎದ್ದು ಒಲೆ ಹಚ್ಚಲು ಮಾತ್ರ ಮನಸ್ಸು ಬರುವುದಿಲ್ಲ. ಹೊರಗೆ ಬೇಗ ಕತ್ತಲಾಗಿರುತ್ತದೆ, ಅಂಗಡಿಗೆ ಹೋಗಬೇಕೆಂದರೆ ಮತ್ತೆ ಸ್ವೆಟರ್ ಹುಡುಕಬೇಕು, ಕೊನೆಗೆ ಫೋನಿನಲ್ಲಿ ಏನೋ ಒಂದು ಆರ್ಡರ್ ಮಾಡಿದರೆ ಅದು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಇದಕ್ಕೆ ದೊಡ್ಡ ಉಗ್ರಾಣವೇನೂ ಬೇಡ. ಒಂದೇ ಪಾತ್ರೆಯಲ್ಲಿ ಅರ್ಧ ಗಂಟೆಗೆ ಆಗುವ ಊಟದ ಸಾಮಾನು ಕೈಗೆ ಸಿಗುವ ಹಾಗಿದ್ದರೆ ಸಾಕು.

1. ಸಾಮಾನಲ್ಲ, ಅಡುಗೆ ಬರೆಯಿರಿ

ಚೀಟಿಯಲ್ಲಿ ಅಕ್ಕಿ, ಬೇಳೆ ಎಂದು ಶುರು ಮಾಡಬೇಡಿ. ಮನೆಯಲ್ಲಿ ಎಲ್ಲರೂ ತಿನ್ನುವ ಐದು ಅಡುಗೆ ಬರೆಯಿರಿ: ಬೇಳೆ ಸೂಪು, ಟೊಮೆಟೊ ಹಾಕಿದ ಕಾಳು, ಅಕ್ಕಿ-ಬೇಳೆ ಒಟ್ಟಿಗೆ ಬೇಯಿಸಿದ ಮೆತ್ತನೆಯ ಅನ್ನ, ಪಾಸ್ತಾ, ಗಂಜಿ, ಹೀಗೆ. ಆಮೇಲೆ ಅವಕ್ಕೆ ಬೇಕಾದದ್ದು ಬರೆಯಿರಿ. ಎರಡು ಅಡುಗೆಗಾದರೂ ಬರದ ಸಾಮಾನನ್ನು ಹೊಡೆದುಹಾಕಿ. ನಾನು ಒಮ್ಮೆ ಆರೋಗ್ಯಕ್ಕೆ ಒಳ್ಳೆಯದಂತೆ ಅಂತ ಎರಡು ಕಿಲೋ ಯಾವುದೋ ಧಾನ್ಯ ತಂದಿದ್ದೆ. ಅದನ್ನು ತಿಂದದ್ದು ಹುಳಗಳು.

2. ಇರುವುದನ್ನು ಹೊರಗೆ ತೆಗೆಯಿರಿ

ಎಲ್ಲ ಡಬ್ಬಿ ತೆಗೆದು ಮೂಸಿ ನೋಡಿ. ಕಂದು ಅಕ್ಕಿ, ಗೋಧಿ ಹಿಟ್ಟು, ಬೀಜಗಳಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಬಿಳಿ ಅಕ್ಕಿ ಒಣಗಿದ ಜಾಗದಲ್ಲಿದ್ದರೆ ವರ್ಷಗಟ್ಟಲೆ ಇರುತ್ತದೆ, ಕಂದು ಅಕ್ಕಿಗೆ ಸುಮಾರು ಆರು ತಿಂಗಳು. ಹಾಗಾಗಿ ಅದನ್ನು ಸ್ವಲ್ಪ ಸ್ವಲ್ಪವೇ ತನ್ನಿ. ಹೊಸದಾಗಿ ತಂದ ಹಿಟ್ಟು, ಧಾನ್ಯವನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ (ಮೈನಸ್ 18 ಡಿಗ್ರಿ) ಒಳಗಿರುವ ಹುಳದ ಮೊಟ್ಟೆ ಸಾಯುತ್ತವೆ. ಹೊರಗೆ ತೆಗೆದ ತಕ್ಷಣ ಪ್ಯಾಕೆಟ್ ಬಿಚ್ಚಬೇಡಿ, ಥಂಡಿಗೆ ನೀರು ಕೂತು ಮುಗ್ಗಲು ಹಿಡಿಯುತ್ತದೆ. ಥಂಡಿ ಪೂರ್ತಿ ಬಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ ಡಬ್ಬಿಗೆ ಸುರಿಯಿರಿ.

3. ಕಾಳುಗಳ ವಿಷಯ ಸ್ವಲ್ಪ ಜಾಸ್ತಿ

ಕಾಳು ಕೆಡುವುದಿಲ್ಲ ನಿಜ, ಆದರೆ ಹಳೆಯದಾದಷ್ಟೂ ಬೇಯುವುದಿಲ್ಲ. ಎಷ್ಟು ವಿಷಲ್ ಕೂಗಿಸಿದರೂ ಕಲ್ಲಿನ ಹಾಗೇ ಇದ್ದರೆ ನಿಮ್ಮ ಕುಕ್ಕರನ್ನು ಬಯ್ಯಬೇಡಿ, ಕಾಳಿನ ವಯಸ್ಸು ನೋಡಿ. ದೊಡ್ಡ ಕಾಳುಗಳನ್ನು ರಾತ್ರಿಯೇ, ಅಂದರೆ 8ರಿಂದ 12 ಗಂಟೆ ನೆನೆಹಾಕಿ. ನೆನೆಸುವಾಗ ಉಪ್ಪು ಹಾಕಿದರೆ ಬೇಯುವುದಿಲ್ಲ ಎನ್ನುವುದು ಸುಮ್ನೆ ಮಾತು, ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ನಿಜವಾಗಿ ತಡೆಯುವುದು ಹುಳಿ. ಟೊಮೆಟೊ, ಹುಣಸೆ, ನಿಂಬೆ ಯಾವುದೇ ಇರಲಿ, ಕಾಳು ಬೆಂದ ಮೇಲೆ ಹಾಕಿ.

ರಾಜ್ಮಾದಲ್ಲಿ ಮಾತ್ರ ಹುಷಾರು. ಅರ್ಧಂಬರ್ಧ ಬೆಂದ ರಾಜ್ಮಾದಲ್ಲಿ ವಾಂತಿ-ಭೇದಿ ತರುವ ನಂಜು ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ, 10 ನಿಮಿಷಕ್ಕೆ ಕಡಿಮೆ ಬೇಡ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಕುದಿಯೇ ಬರದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ಹಾಕಲೇಬೇಡಿ.

ನೆನೆಹಾಕಲು ಮರೆಯುವವರಿಗೆ (ನಾನೂ ಅದೇ ಗುಂಪು) ಮಸೂರ್ ಬೇಳೆ ಇದೆ. ನೆನೆಸುವುದು ಬೇಡ, 15-20 ನಿಮಿಷಕ್ಕೆ ಕರಗುವಷ್ಟು ಬೇಯುತ್ತದೆ.

4. ತಗಡಿನ ಡಬ್ಬಿ

ತಗಡಿನ ಡಬ್ಬಿಯಲ್ಲಿ ಆಹಾರ ತುಂಬಿಡುವುದಕ್ಕೆ ಬ್ರಿಟನ್ನಿನಲ್ಲಿ 1810ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದನ್ನು ತೆರೆಯುವ ಸಲಕರಣೆಗೆ ಪೇಟೆಂಟ್ ಬಂದದ್ದು 1850ರ ದಶಕದಲ್ಲಿ! ಅಲ್ಲಿಯವರೆಗೆ ಉಳಿ-ಸುತ್ತಿಗೆಯೇ ಗತಿ. ನಿಮ್ಮ ಮನೆಯಲ್ಲೂ ಓಪನರ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಟೊಮೆಟೊದಂಥ ಹುಳಿ ಪದಾರ್ಥ ಡಬ್ಬಿಯಲ್ಲಿ 12ರಿಂದ 18 ತಿಂಗಳು ರುಚಿಯಾಗಿರುತ್ತದೆ, ಕಾಳು, ಮೀನು 2ರಿಂದ 5 ವರ್ಷ. ಉಬ್ಬಿದ, ಸೋರುವ ಡಬ್ಬಿಯನ್ನು ಸೀದಾ ಬಿಸಾಡಿ, ರುಚಿ ನೋಡುವ ಧೈರ್ಯ ಬೇಡ.

5. ಆಲೂಗಡ್ಡೆ, ಈರುಳ್ಳಿ

ಕತ್ತಲೆ, ತಂಪು, ಗಾಳಿಯಾಡುವ ಜಾಗ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಆಲೂಗಡ್ಡೆ ಫ್ರಿಜ್ಜಿಗೆ ಹೋದರೆ ಅದರ ಪಿಷ್ಟ ಸಕ್ಕರೆಯಾಗಿ ಸಿಹಿ ಬರುತ್ತದೆ. ಹಸಿರಾಗಿದ್ದು ಕಹಿ ಎನಿಸಿದರೆ ಎಸೆಯಿರಿ.

6. ಅಸಲಿ ದಾಸ್ತಾನು ಫ್ರೀಜರಿನಲ್ಲಿ

ನಿಜ ಹೇಳಬೇಕೆಂದರೆ, ಸುಸ್ತಾದ ಸಂಜೆ ನಮ್ಮನ್ನು ಸೋಲಿಸುವುದು ಸಾಮಾನಿನ ಕೊರತೆಯಲ್ಲ, ಈರುಳ್ಳಿ ಹೆಚ್ಚುವ ಕೆಲಸ. ಅದನ್ನು ಒಂದು ಭಾನುವಾರ ಮುಗಿಸಿಬಿಡಿ. ಹತ್ತು ಈರುಳ್ಳಿ ಹೆಚ್ಚಿ, ಧಾರಾಳ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿಯಿರಿ, 40 ನಿಮಿಷವಾದರೂ ಹಿಡಿಯುತ್ತದೆ, ಅವಸರ ಮಾಡಿದರೆ ಸೀಯುತ್ತದೆ. ಶುಂಠಿ, ಬೆಳ್ಳುಳ್ಳಿ, ಟೊಮೆಟೊ ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. ಆರಿದ ಮೇಲೆ ಜಿಪ್ ಕವರಿಗೆ ತುಂಬಿ ಚಪ್ಪಟೆ ಮಾಡಿ ಫ್ರೀಜರಿಗಿಡಿ. ಚಪ್ಪಟೆಯಾಗಿದ್ದರೆ ಬೇಕಾದಷ್ಟನ್ನೇ ಮುರಿದುಕೊಳ್ಳಬಹುದು, ಎರಡು-ಮೂರು ತಿಂಗಳು ರುಚಿ ಕೆಡುವುದಿಲ್ಲ. ಅದೇ ದಿನ ಎರಡು ಬಗೆಯ ಕಾಳು ಬೇಯಿಸಿ, ಬೆಂದ ನೀರಿನ ಜೊತೆಗೇ ಒಂದೊಂದು ಊಟಕ್ಕಾಗುವಷ್ಟು ತುಂಬಿಡಿ. ಬೇಯಿಸಿದ ಯಾವುದೂ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು, ಅಗಲ ತಟ್ಟೆಗೆ ಹರಡಿದರೆ ಬೇಗ ಆರುತ್ತದೆ. ಕವರಿನ ಮೇಲೆ ಹೆಸರು, ತಾರೀಕು ಬರೆಯಿರಿ, ಒಳಗೆ ಹೋದ ಮೇಲೆ ಎಲ್ಲದರ ಬಣ್ಣವೂ ಒಂದೇ.

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡುವ ಅಭ್ಯಾಸವಿದ್ದರೆ ಬಿಡಿ. ಗಾಳಿ ತಾಗದ ಆ ಎಣ್ಣೆಯೊಳಗೆ ಬಾಟ್ಯುಲಿಸಂ ಎಂಬ ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಫ್ರಿಜ್ಜಿನಲ್ಲಾದರೂ ನಾಲ್ಕು ದಿನಕ್ಕಿಂತ ಇಡಬೇಡಿ.

7. ಮೊದಲ ಪರೀಕ್ಷೆ

ದಾಸ್ತಾನು ಸರಿಯಾಗಿದೆಯೇ ಎಂದು ನೋಡಲು ಒಂದು ಸಂಜೆ ಹೀಗೆ ಮಾಡಿ. ಒಂದು ಲೋಟ ಮಸೂರ್ ಬೇಳೆ ತೊಳೆದು, ನಾಲ್ಕು ಲೋಟ ನೀರು ಹಾಕಿ ಒಲೆಯ ಮೇಲಿಡಿ. ಮೆತ್ತಗಾದಾಗ ಫ್ರೀಜರಿನ ಈರುಳ್ಳಿ ಮಸಾಲೆಯಿಂದ ಒಂದು ದೊಡ್ಡ ತುಂಡು ಮುರಿದು ಹಾಕಿ, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಕುದಿಸಿ. ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿ. ಚಪ್ಪೆ ಎನಿಸಿದರೆ ಮತ್ತೆ ಉಪ್ಪು ಸುರಿಯುವ ಮುಂಚೆ ಇನ್ನೊಂದು ಹನಿ ಹುಳಿ ಹಾಕಿ ನೋಡಿ, ಸಾಮಾನ್ಯವಾಗಿ ಕಡಿಮೆಯಾಗಿರುವುದು ಅದೇ. ಚಾಕು ಹಿಡಿದದ್ದು ನಿಂಬೆಗೆ ಮಾತ್ರ, ಅಲ್ವಾ? ಏನಾದರೂ ಮುಗಿದಿದ್ದರೆ ಕಪಾಟಿನ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಊಟಕ್ಕೆ ಕೂರುವ ಮುಂಚೆಯೇ ಬರೆದುಬಿಡಿ, ಉಂಡ ಮೇಲೆ ಯಾರೂ ಬರೆಯುವುದಿಲ್ಲ.